ವತ್ಸಲೆಯ ಕಾರು, ನನ್ನ ಲೋಟದ ನೀರು

ಶನಿವಾರ, ಡಿಸೆಂಬರ್ ಏಳು. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಪುಣೆ, ಶಿವಾಜಿನಗರ, ನಮ್ಮ ಕಟ್ಟಡದ ಗೇಟು. ಹಾಜರಿದ್ದವರು: ನಾನು, ನನ್ನ ಹೆಂಡತಿ ಪದ್ಮಾ, ಗೇಟಿನವರೆಗೆ ಮಾತ್ರ, ನನ್ನ ತಂಗಿ ಡಾಕ್ಟರ್ ವತ್ಸಲಾ, ಕಾರು ಮಾರುವ ಶೋರೂಮಿನ ಮೇಘನಾ, ಮುಕ್ಕಾಲು ಭಾಗ ನೀರು ತುಂಬಿದ ಒಂದು ಸ್ಟೀಲ್ ಲೋಟ.

ಲೋಟವನ್ನು ಹಾಜರಿದ್ದವರ ಪಟ್ಟಿಗೆ ಸೇರಿಸಿದ್ದಕ್ಕೆ ನಗಬೇಡಿ. ಅಂದು ಅಲ್ಲಿದ್ದವರಲ್ಲಿ ದಾಕ್ಷಿಣ್ಯಕ್ಕೆ ಸುಳ್ಳು ಹೇಳದಿರುವುದು ಅದೊಂದೇ ಎಂದು ನಾನು ನಂಬಿದ್ದೆ. ಸಂಜೆಯ ಹೊತ್ತಿಗೆ ಆ ನಂಬಿಕೆಯೂ ಹೋಯಿತು. ಹೇಗೆ ಹೋಯಿತು ಎಂಬುದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಮೂವತ್ತಾರು ವರ್ಷ ರೈಲ್ವೆಯಲ್ಲಿ ಹಳಿ ನೋಡುವ ಇನ್ಸ್‌ಪೆಕ್ಟರ್ ಆಗಿದ್ದವನು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಪುಣೆಯಿಂದಾಚೆಯ ದೌಂಡ ಜಂಕ್ಷನ್ನಿನಲ್ಲಿ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಐದಕ್ಕೆ ಚಹಾ, ಐದೂ ಕಾಲಿಗೆ ಹಿಂದಿನ ದಿನದ ಡೈರಿ ಓದುವುದು, ಈ ಕ್ರಮ ನಿವೃತ್ತಿಯಾದ ಮೇಲೂ ಒಂದು ನಿಮಿಷ ಆಚೀಚೆ ಆಗಿಲ್ಲ. ಮನೆಗೆ ಬಂದವರ ಮುಂದೆ ಪದ್ಮಾ ಇದನ್ನು ಬೇರೆ ರೀತಿಯಲ್ಲಿ ಹೇಳುತ್ತಾಳೆ: "ನಮ್ಮ ಮನ್ಯಾಗ ಕುಕ್ಕರ್ ಸುದ್ದಾ ಟೈಮ್‌ಟೇಬಲ್ ನೋಡಿ ಸೀಟಿ ಹೊಡಿತದ್ರಿ." ಡೈರಿಯಲ್ಲಿ ಮೊದಲು ತಾರೀಖು, ಆಮೇಲೆ ವೇಳೆ, ಆಮೇಲೆ ಹಾಜರಿದ್ದವರು. ಕೊನೆಯಲ್ಲಿ ಆ ದಿನ ಮುಗಿಸಿದ ಕೊನೆಯ ಕೆಲಸ. ನಡುವೆ ಏನು ಬೇಕಾದರೂ ಇರಬಹುದು, ಆದರೆ ಎರಡು ತುದಿಗಳು ಸರಿಯಾಗಿರಬೇಕು. ಸೇತುವೆ ಕಟ್ಟುವವರೂ ಹೀಗೇ ಯೋಚಿಸುತ್ತಾರೆ.

ನನ್ನ ನೌಕರಿಯ ಸಾರಾಂಶವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಜರ್ಕು ಎಣಿಸುವುದು. ನೀವು ರೈಲಿನಲ್ಲಿ ಮಲಗಿದ್ದಾಗ ಒಮ್ಮೆ ಪಕ್ಕಕ್ಕೆ ಎಳೆದಂತಾಗಿ ಎಚ್ಚರವಾಗಿ, ಮತ್ತೆ ನಿದ್ರೆಗೆ ಜಾರುತ್ತೀರಲ್ಲ, ಅದೇ ಜರ್ಕನ್ನು ಗಾಡಿಯ ಕೊನೆಯ ಡಬ್ಬಿಯಲ್ಲಿ ಎಚ್ಚರವಾಗಿ ಕುಳಿತು, ಎಷ್ಟನೇ ಕಿಲೋಮೀಟರಿನ ಎಷ್ಟನೇ ಕಂಬದ ಹತ್ತಿರ ಬಂತು ಎಂದು ಬರೆದುಕೊಳ್ಳುವವನು ಒಬ್ಬನಿರುತ್ತಿದ್ದ. ಅವನು ನಾನು. ಮರುದಿನ, ಕೆಲಸಗಾರರು ಹಳಿಯ ಮೇಲೆ ತಳ್ಳುವ ಟ್ರಾಲಿಯಲ್ಲಿ ಅಲ್ಲಿಗೆ ಹೋಗಿ, ಹಳಿ ಎಲ್ಲಿ ಕೂತಿದೆ, ಜಲ್ಲಿ ಎಲ್ಲಿ ಸರಿದಿದೆ ಎಂದು ನೋಡಿ ಸರಿಮಾಡಿಸುವುದು. ತೊಡೆಯ ಮೇಲೆ ನೀರಿನ ಲೋಟ ಇಟ್ಟುಕೊಳ್ಳುವುದನ್ನು ನನಗೆ ಕಲಿಸಿದವರು ಒಬ್ಬ ಹಿರಿಯ ಸಾಹೇಬರು. ನಿನ್ನ ಮೈಗೆ ಅಭ್ಯಾಸವಾಗಿಬಿಡುತ್ತದೆ, ನೀರಿಗೆ ಆಗುವುದಿಲ್ಲ ಎನ್ನುತ್ತಿದ್ದರು.

ಈ ವಿದ್ಯೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ. ಬಂದದ್ದು ವತ್ಸಲೆಯಿಂದ.

ವತ್ಸಲೆಗೆ ಅರವತ್ತೆರಡು. ಅರಿವಳಿಕೆ ಕೊಡುವ ಡಾಕ್ಟರು. ಮದುವೆಯಾಗಲಿಲ್ಲ. ಈ ವರ್ಷ ಆಸ್ಪತ್ರೆಯಿಂದ ನಿವೃತ್ತಳಾದಳು. ನಿವೃತ್ತರಾದ ಮೇಲೆ ಕೆಲವರು ತೀರ್ಥಯಾತ್ರೆಗೆ ಹೋಗುತ್ತಾರೆ, ಕೆಲವರು ವೀಣೆ ಕಲಿಯಲು ಶುರುಮಾಡುತ್ತಾರೆ. ಇವಳು ಒಂದು ಭಾನುವಾರ ಊಟಕ್ಕೆ ಬಂದವಳು, ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ, "ಅಣ್ಣಾ, ನಾ ಸ್ಪೋರ್ಟ್ಸ್ ಕಾರ್ ತಗೋಳಾಕತ್ತೀನಿ" ಎಂದಳು.

ಪದ್ಮಾ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. "ಯಾರಿಗೆ?"

"ನನಗ, ವೈನಿ. ಮತ್ತ್ಯಾರಿಗೆ?" ಎಂದಳು ವತ್ಸಲೆ ಅತ್ತಿಗೆಗೆ.

"ಎದಕ್ಕ?"

ಅದಕ್ಕೆ ವತ್ಸಲೆ ಕೊಟ್ಟ ಉತ್ತರವನ್ನು ಅಂದಿನ ಡೈರಿಯಲ್ಲಿ ಹಾಗೆಯೇ ಬರೆದಿಟ್ಟಿದ್ದೇನೆ. "ನನಗ ಒಮ್ಮೆರೆ ಜೋರ್ ಹೋಗಬೇಕಾಗ್ಯದ ವೈನಿ. ಅಷ್ಟ."

ಇದರ ಹಿನ್ನೆಲೆ ನಿಮಗೆ ಹೇಳಬೇಕು. ನಮ್ಮ ತಾಯಿ ಕೊನೆಯ ಹದಿನೈದು ವರ್ಷ ವತ್ಸಲೆಯ ಜೊತೆಗಿದ್ದರು. ಅವರಿಗೆ ಸೊಂಟದ ಮುರಿತವಾಗಿ ಅದು ಪೂರ್ತಿ ಕೂಡಲೇ ಇಲ್ಲ. ವಾರಕ್ಕೆ ಮೂರು ಸಲ ವ್ಯಾಯಾಮ ಮಾಡಿಸುವಲ್ಲಿಗೆ ಕರೆದೊಯ್ಯಬೇಕು. ಕಾರಿನಲ್ಲಿ ಕೂತರೆ ಅವರಿಗೆ ಉಸಿರುಗಟ್ಟಿದಂತಾಗುತ್ತಿತ್ತು. "ಬಾಗಲಾ ಹಾಕಿದ ಗಾಡಿ ನನಗ ಬ್ಯಾಡ" ಎನ್ನುವವರು. ಹಾಗಾಗಿ ಆಪರೇಶನ್ ಥಿಯೇಟರಿನಲ್ಲಿ ದೊಡ್ಡ ದೊಡ್ಡ ಸರ್ಜನ್ನರನ್ನು ಕಾಯಿಸುತ್ತಿದ್ದ ಡಾಕ್ಟರು, ಸೀರೆ ಸೆರಗು ಸಿಗಿಸಿಕೊಂಡು, ತಾಯಿಯನ್ನು ಹಿಂದೆ ಅಡ್ಡ ಕೂಡಿಸಿಕೊಂಡು, ಸ್ಕೂಟರಿನ ಮೇಲೆ ಸೈಕಲ್ಲಿನವರೂ ದಾಟಿಹೋಗುವ ವೇಗದಲ್ಲಿ ಪುಣೆಯ ರಸ್ತೆಗಳಲ್ಲಿ ಹೋಗುತ್ತಿದ್ದಳು. ಹಿಂದಿನಿಂದ ರಿಕ್ಷಾದವರು ಮರಾಠಿಯಲ್ಲಿ ಏನೇನು ಅನ್ನುತ್ತಿದ್ದರು ಎಂಬುದನ್ನು ಅವಳು ಈಗಲೂ ಅವರ ಧ್ವನಿಯಲ್ಲೇ ಅಂದು ತೋರಿಸುತ್ತಾಳೆ. ಆ ವರ್ಷಗಳಲ್ಲಿ ನಾನು ದೌಂಡದಲ್ಲಿ, ಆಮೇಲೆ ಇನ್ನೂ ದೂರದಲ್ಲಿ, ಊರೂರ ಪ್ರಯಾಣಿಕರಿಗೆ ಜರ್ಕು ಬರದಂತೆ ನೋಡಿಕೊಳ್ಳುತ್ತಿದ್ದೆ. ತಿಂಗಳಿಗೊಮ್ಮೆ ಬಂದು, ಅಮ್ಮನನ್ನು ಮಾತಾಡಿಸಿ, ಏನಾದರೂ ಬೇಕೇನು ಎಂದು ವತ್ಸಲೆಯನ್ನು ಕೇಳುತ್ತಿದ್ದೆ. ಅವಳ ಉತ್ತರ ಯಾವಾಗಲೂ ಒಂದೇ. "ಏನೂ ಬ್ಯಾಡ ಅಣ್ಣಾ. ನಾ ಸಂಭಾಳಿಸ್ತೀನಿ."

ಅಮ್ಮ ಹೋಗಿ ಹನ್ನೆರಡು ವರ್ಷವಾಯಿತು. ಸ್ಕೂಟರನ್ನು ಅವಳು ಇನ್ನೂ ಯಾರಿಗೂ ಕೊಟ್ಟಿಲ್ಲ.

ಕಾರು ಯಾವುದು, ಬಣ್ಣ ಯಾವುದು ಎಂದು ವತ್ಸಲೆ ತಾನೇ ತೀರ್ಮಾನಿಸಿದ್ದಳು. (ಕೆಂಪು. ಅದರಲ್ಲಿ ಯಾರ ಸಲಹೆಯನ್ನೂ ಕೇಳಲಿಲ್ಲ.) ಒಂದೇ ಒಂದು ವಿಷಯ ಉಳಿದಿತ್ತು: ಅಡಾಪ್ಟಿವ್ ಸಸ್ಪೆನ್ಶನ್ ಎಂಬುದನ್ನು ಹಾಕಿಸಬೇಕೋ ಬೇಡವೋ. ಕಾರಿನ ಆರ್ಡರು ಕಾರ್ಖಾನೆಗೆ ಹೋಗುವುದು ಶನಿವಾರ ಸಂಜೆ ಆರಕ್ಕೆ. ಹೋದ ಮೇಲೆ ಬದಲಾಯಿಸಲು ಬರುವುದಿಲ್ಲ. ಇಂಥ ಗಾಡಿ ಜೀವಮಾನದಲ್ಲಿ ಒಮ್ಮೆ ಕೊಳ್ಳುವಂಥದ್ದು, ತಪ್ಪಾದರೆ ಉಳಿದ ಆಯುಷ್ಯವೆಲ್ಲ ಆ ತಪ್ಪಿನ ಮೇಲೆಯೇ ಕೂತು ತಿರುಗಬೇಕು.

"ನನಗೇನೋ ಬ್ಯಾಡ ಅನಸ್ತದ. ಗಾಡಿ ಸ್ವಲ್ಪ ಗಟ್ಟಿ ಇದ್ರೂ ನಾ ಸಂಭಾಳಿಸ್ತೀನಿ. ಆದ್ರ ಮನ್ಯಾಗ ಜರ್ಕಿನ ಪಂಡಿತ ಇದ್ದಾಗ ಕೇಳದ ಹ್ಯಾಂಗ ಬಿಡ್ಲಿ?" ಎಂದಳು ವತ್ಸಲೆ. ಪಂಡಿತ ಎಂದು ಕರೆಸಿಕೊಂಡವನು ಬೇಡ ಎನ್ನುವುದು ಉಂಟೆ? ನಾನು ಪರೀಕ್ಷೆಗೆ ದಿನ, ವೇಳೆ, ದಾರಿ ಗೊತ್ತುಮಾಡಿದೆ.

ಈ ಸಲಕರಣೆ ಏನು ಎಂದು ತಿಳಿಯದವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಗಾಡಿಯ ಚಕ್ರಕ್ಕೂ ಮೈಗೂ ನಡುವೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಇರುತ್ತವೆ. ಅವು ಮೆತ್ತಗಿದ್ದರೆ ಕೂತವರಿಗೆ ಸುಖ, ಆದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಗಟ್ಟಿ ಇದ್ದರೆ ಗಾಡಿ ನೆಲ ಕಚ್ಚಿಕೊಂಡು ಓಡುತ್ತದೆ, ಕೂತವರ ಬೆನ್ನಿಗೆ ದೇವರೇ ಗತಿ. ವೇಗದ ಕಾರುಗಳು ಗಟ್ಟಿಯವು. ಅಡಾಪ್ಟಿವ್ ಎಂದರೆ ರಸ್ತೆಯನ್ನು ನೋಡಿಕೊಂಡು ಕ್ಷಣಕ್ಷಣಕ್ಕೂ ತಾನೇ ಮೆತ್ತಗಾಗುವ, ಗಟ್ಟಿಯಾಗುವ ಏರ್ಪಾಡು. ಇದು ಹೊಸದೆಂದು ಮೇಘನಾ ಹೇಳಿದಳು. ನನಗೆ ಹಾಗನಿಸಲಿಲ್ಲ. ಪಲ್ಲಕ್ಕಿ ಹೊರುವವರು ಏರು ಬಂದಾಗ ಮುಂದಿನವರು ತಗ್ಗಿ, ಹಿಂದಿನವರು ಎತ್ತಿ ಹಿಡಿಯುತ್ತಾರಲ್ಲ, ಅದು ಏನು? ನನ್ನ ಟ್ರಾಲಿ ತಳ್ಳುತ್ತಿದ್ದ ಕೆಲಸಗಾರರು ಬರಿಗಾಲಿನಲ್ಲಿ ಒಂದೇ ಹಳಿಯ ಮೇಲೆ ಓಡುತ್ತಿದ್ದರು. ಹಳಿಯ ಅಗಲ ಎರಡೂವರೆ ಇಂಚು. ಅವರ ತಲೆಗಳನ್ನು ಮಾತ್ರ ನೋಡಿದರೆ ನೀರಿನ ಮೇಲೆ ತೇಲಿಬರುತ್ತಿವೆ ಎನ್ನಬೇಕು, ಅಷ್ಟು ಸ್ಥಿರ. ಎಲ್ಲ ಪೆಟ್ಟನ್ನೂ ಮೊಣಕಾಲುಗಳು ನುಂಗಿಕೊಳ್ಳುತ್ತಿದ್ದವು. ವರ್ಷಗಳ ಮೇಲೆ ಆ ಮೊಣಕಾಲುಗಳು ಏನಾದವು ಎಂದು ನಾನು ಯಾವ ವರದಿಯಲ್ಲೂ ಬರೆದದ್ದಿಲ್ಲ. ವರದಿಯಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ.

ಶನಿವಾರಕ್ಕೆ ಬರುತ್ತೇನೆ. ಮೇಘನಾ ತುಮಕೂರಿನ ಕಡೆಯವಳು, ಪುಣೆಗೆ ಬಂದು ಎರಡು ವರ್ಷ. ಬೆಳಿಗ್ಗೆ ಆರಕ್ಕೆ ಗಾಡಿ ತರಬೇಕು ಎಂದು ಫೋನಿನಲ್ಲಿ ಹೇಳಿದ್ದೆ. "ಅಂಕಲ್, ಆರು ಅಂದ್ರೆ ಬೆಳಗ್ಗೆ ಆರಾ?" ಎಂದು ಕೇಳಿದಳು. ಆದರೂ ಬಂದಳು, ಹತ್ತು ನಿಮಿಷ ತಡವಾಗಿ. ನಾನು ಗಡಿಯಾರ ನೋಡಿದೆ. ಆ ಕಾರಿಗೆ ಹಿಂದೆ ಎರಡು ಸೀಟುಗಳಿವೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಮೇಘನಾ ಮೊಣಕಾಲನ್ನು ಗಲ್ಲಕ್ಕೆ ಆನಿಸಿಕೊಂಡು ಅದರಲ್ಲಿ ಒಂದು ಸೀಟಿನೊಳಗೆ ಸೇರಿಕೊಂಡಳು. ನಾನು ಮುಂದೆ ಕೂರಬೇಕಾದರೆ, ಕೂರುವುದು ಎನ್ನುವುದಕ್ಕಿಂತ ಇಳಿಯುವುದು ಎನ್ನಬೇಕು, ಬಾವಿಗೆ ಇಳಿದ ಹಾಗೆ ಇಳಿದೆ. ಟ್ರಾಲಿಯ ವರ್ಷಗಳು ನನ್ನ ಸೊಂಟದಲ್ಲಿ ಒಂದು ಖಾಯಂ ನೋವನ್ನು ಬಿಟ್ಟುಹೋಗಿವೆ. ಅದು ಒಮ್ಮೆ ಚುಳುಕ್ ಎಂದಿತು.

ಪದ್ಮಾ ಕಿಟಕಿಯಿಂದ ಲೋಟ ಕೊಟ್ಟಳು. "ಹರೇದಾಗ ನಿಮ್ಮ ಟ್ರಾಲಿ ಮ್ಯಾಲೆ ಒಮ್ಮೆ ಕರಕೊಂಡು ಹೋಗ್ರಿ ಅಂದ್ರ ನಿಯಮದಾಗ ಇಲ್ಲ ಅಂದ್ರಿ. ಈಗ ತಂಗಿ ಕಾರಿಗೆ ಲೋಟ ಹಿಡಕೊಂಡು ಹೊಂಟೀರಿ. ಹೋಗಿ ಬರ್ರಿ."

"ಅದು ಸರಕಾರಿ ಟ್ರಾಲಿ ಇತ್ತು," ಎಂದೆ.

"ಹೌದ್ರಿ. ಇದೂ ಇನ್ನೂ ನಿಮ್ಮದೇನಲ್ಲ."

ಪರೀಕ್ಷೆಗೆ ನಾನು ಆರಿಸಿದ್ದು ಊರಂಚಿನ ಐಟಿ ಬಡಾವಣೆ ಹಿಂಜವಾಡಿಯ ಒಳಗಿನ ಸುತ್ತು ದಾರಿ. ವಾರದ ದಿನಗಳಲ್ಲಿ ಅಲ್ಲಿ ಕಂಪನಿ ಬಸ್ಸು, ಕ್ಯಾಬುಗಳ ನಡುವೆ ಸಿಕ್ಕಿಹಾಕಿಕೊಂಡರೆ ಮೀಟಿಂಗನ್ನು ಕಾರಿನಲ್ಲೇ ಮುಗಿಸಬೇಕು. ಶನಿವಾರ ಬೆಳಿಗ್ಗೆ ನಾಯಿಗಳು ರಸ್ತೆ ನಡುವೆ ಮಲಗಿರುತ್ತವೆ. ರಸ್ತೆಯೂ ಪರೀಕ್ಷೆಗೆ ತಕ್ಕದ್ದು: ಕೇಬಲ್ಲಿಗೆ ಅಗೆದು ಮುಚ್ಚಿದ ಕಡೆ ಉಬ್ಬು, ಗಟಾರದ ಮುಚ್ಚಳ ಇದ್ದ ಕಡೆ ತಗ್ಗು, ಬಣ್ಣ ಬಳಿಯದೆ ಬಿಟ್ಟ ಸ್ಪೀಡ್ ಬ್ರೇಕರುಗಳು. ಒಂದು ಸುತ್ತು ಮೆತ್ತಗಿನ ಕ್ರಮದಲ್ಲಿ, ಇನ್ನೊಂದು ಗಟ್ಟಿ ಕ್ರಮದಲ್ಲಿ. ಸ್ಟೀರಿಂಗ್ ಹತ್ತಿರ ಒಂದು ಗುಂಡಿ ಒತ್ತಿದರೆ ಬದಲಾಗುತ್ತದೆ. ಈ ಏರ್ಪಾಡು ಇಲ್ಲದ ಗಾಡಿ ಹೆಚ್ಚು ಕಡಿಮೆ ಗಟ್ಟಿ ಕ್ರಮದಂತೆಯೇ ಇರುತ್ತದೆಂದು ಮೇಘನಾ ಮೊದಲೇ ಹೇಳಿದ್ದಳು.

"ಇದು ರೋಡ್‌ನ ಓದ್ತಾನೇ ಇರುತ್ತೆ ಅಂಕಲ್, ಕಂಟಿನ್ಯುಯಸ್ ಆಗಿ," ಎಂದು ಹಿಂದಿನಿಂದ ವಿವರಿಸಿದಳು.

"ಓದಿ ಅರ್ಥ ಮಾಡಿಕೊಳ್ತದೇನು?"

"ಅರ್ಥ ಯಾಕೆ ಅಂಕಲ್? ಅಡ್ಜಸ್ಟ್ ಮಾಡ್ಕೊಂಡ್ರೆ ಸಾಕಲ್ವಾ?"

ವತ್ಸಲೆ ಜೋರಾಗಿ ನಕ್ಕಳು. "ಕೇಳಿದಿ, ಅಣ್ಣಾ? ನಮ್ಮ ಮನಿತನಕ್ಕ ಹೇಳಿ ಮಾಡಿಸಿದ ಗಾಡಿ."

ಪರೀಕ್ಷೆಗೆ ಒಂದು ನಿಯಮವಿತ್ತು, ಅದನ್ನು ನಾನು ಇಬ್ಬರಿಗೂ ಹೇಳಿದೆ. ಗಾಡಿ ಓಡುವಾಗ ನಾನು ಮಾತಾಡುವುದಿಲ್ಲ. ಜರ್ಕು ಬಂದರೂ ಬಾಯಿ ಬಿಡುವುದಿಲ್ಲ, ಬರೆದುಕೊಳ್ಳುತ್ತೇನೆ ಅಷ್ಟೆ. ಈ ನಿಯಮದ ಹಿಂದೆ ದೌಂಡದಲ್ಲಿ ಕಲಿತ ಒಂದು ಪಾಠವಿದೆ. ದೌಂಡದಿಂದ ಸೊಲ್ಲಾಪುರದ ದಾರಿಯಲ್ಲಿ ಒಂದು ಕಡೆ ಹಳಿ ಸ್ವಲ್ಪ ಕೂತಿತ್ತು. ತಿಂಗಳುಗಟ್ಟಲೆ ನನ್ನ ವರದಿಯಲ್ಲಿ ಆ ಜಾಗ ನಿರ್ದೋಷಿ. ಒಂದು ದಿನ ಬೇರೆ ಡ್ರೈವರು ಬಂದಿದ್ದ, ಅಲ್ಲಿ ಎಂಥ ಜರ್ಕು ಬಂತೆಂದರೆ ನನ್ನ ಲೋಟ ತೊಡೆ ಬಿಟ್ಟು ಎದುರಿನ ಬಾಗಿಲಿಗೆ ಹೋಯಿತು. ವಿಚಾರಿಸಿದರೆ, ಹಳೆಯ ಡ್ರೈವರಿಗೆ ಆ ಜಾಗ ಗೊತ್ತು. ಪ್ರತಿಸಲವೂ ಅಲ್ಲಿ ಕೈ ಸ್ವಲ್ಪ ಸಡಿಲಿಸಿ ಗಾಡಿಯನ್ನು ಹೂವಿನಂತೆ ದಾಟಿಸುತ್ತಿದ್ದ. ಅವನ ಒಳ್ಳೆಯತನದಿಂದ ಹಳಿಯ ತಪ್ಪು ಮುಚ್ಚಿಹೋಗಿತ್ತು. ಅಂದಿನಿಂದ ನಾನು ಯಾವ ಡ್ರೈವರಿಗೂ ಜರ್ಕು ಎಲ್ಲಿ ಬಂತೆಂದು ಹೇಳಿದವನಲ್ಲ.

ಹೀಗೆ ಎಲ್ಲ ಮುನ್ನೆಚ್ಚರಿಕೆ ತೆಗೆದುಕೊಂಡು ಪರೀಕ್ಷೆ ಶುರುವಾಯಿತು. ಮೊದಲ ಸುತ್ತಿನಲ್ಲಿ ವತ್ಸಲೆ ಗಾಡಿ ಓಡಿಸಿದ್ದನ್ನು ನೋಡಿ ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸ್ವಲ್ಪ ಭಯವೂ. ನೇರ ದಾರಿ ಸಿಕ್ಕಾಗ ಕಾರು ಒಮ್ಮೆ ಗುರುಗುಟ್ಟಿ ಹಾರಿತು. ಅವಳ ಮುಖದಲ್ಲಿ, ಹತ್ತನೇ ವಯಸ್ಸಿನಲ್ಲಿ ನನ್ನ ಸೈಕಲ್ಲನ್ನು ಹೇಳದೆ ಕೇಳದೆ ಒಯ್ದು ಮೊಣಕೈ ತರಚಿಕೊಂಡು ಬಂದಿದ್ದಳಲ್ಲ, ಅಂದಿನದೇ ನಗು. ಐವತ್ತೆರಡು ವರ್ಷ ಅದು ಎಲ್ಲಿತ್ತೋ. ಎರಡನೆಯ ಸುತ್ತಿಗೆ ಗುಂಡಿ ಒತ್ತಿ ಗಟ್ಟಿ ಮಾಡಿದಳು. ನಾನು ಮೊದಲ ಸುತ್ತಿನಂತೆಯೇ ತುಟಿ ಬಿಗಿದು, ಕಾಗದದ ಮೇಲೆ ಕಣ್ಣಿಟ್ಟು, ಜಾಗ ಮತ್ತು ಜರ್ಕು, ಸಣ್ಣದೋ ಮಧ್ಯಮವೋ ದೊಡ್ಡದೋ, ಬರೆದುಕೊಳ್ಳುತ್ತ ಹೋದೆ.

ಫಲಿತಾಂಶ ಬಹಳ ಸ್ಪಷ್ಟವಾಗಿತ್ತು. ಮೆತ್ತಗಿನ ಸುತ್ತಿನಲ್ಲಿ ಹತ್ತೊಂಬತ್ತು ಜರ್ಕು. ಗಟ್ಟಿ ಸುತ್ತಿನಲ್ಲಿ ಹನ್ನೊಂದು. ಲೋಟದ ನೀರು ಮೊದಲ ಸಲ ಎರಡು ಬೆರಳು ಇಳಿದಿತ್ತು, ಎರಡನೆಯ ಸಲ ಅರ್ಧ ಬೆರಳು. ಎಂದರೆ ಈ ದುಬಾರಿ ಏರ್ಪಾಡು ಇದ್ದಾಗಿನದಕ್ಕಿಂತ ಇಲ್ಲದಾಗಲೇ ಸುಖ! ಮೇಘನಾಳಿಗೆ ಓದಿ ಹೇಳಿದಾಗ ಅವಳು ಹಿಂದಿನ ಸೀಟಿನಿಂದ ಇಳಿದು ಬೆನ್ನು ಹಿಡಿದುಕೊಂಡು, "ಅಂಕಲ್, ಇದು ಹೆಂಗೆ?" ಎಂದಳು. ಮಾರುವವಳಿಗೆ ಇಷ್ಟವಾಗದ ಫಲಿತಾಂಶ, ಹಾಗಾಗಿ ಕೇಳುತ್ತಿದ್ದಾಳೆ ಎಂದುಕೊಂಡೆ. ವತ್ಸಲೆ ಕನ್ನಡಕ ಒರೆಸಿಕೊಂಡಳು.

"ಬರೇ ಜಾಹೀರಾತು," ಎಂದೆ ನಾನು. "ಬ್ಯಾಡ ಅಂತ ಬರೀತೀನಿ."

"ಆತು ಬಿಡು ಅಣ್ಣಾ. ನಾ ಹ್ಯಾಂಗೂ ಸಂಭಾಳಿಸ್ತೀನಿ."

ಮನೆಗೆ ಬಂದು ಸ್ನಾನ, ಊಟ. ಎರಡು ಗಂಟೆಗೆ ವರದಿಯನ್ನು ನೀಟಾಗಿ ಬರೆದು, ಅಡ್ಡಗೆರೆ ಎಳೆದು, "ಸದರಿ ಸಲಕರಣೆಯ ಅಗತ್ಯವಿಲ್ಲ" ಎಂದು ಷರಾ ಹಾಕಿ, ಸಹಿ ಮಾಡಿ, ಫೋಟೋ ತೆಗೆದು ವತ್ಸಲೆಗೂ ಮೇಘನಾಳಿಗೂ ಕಳಿಸಿದೆ. ನನ್ನ ಮೂವತ್ತಾರು ವರ್ಷದ ನೌಕರಿಯಲ್ಲಿ ಸಹಿ ಮಾಡಿದ ಒಂದು ವರದಿಯನ್ನೂ ನಾನು ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ಇದನ್ನು ಮೆಚ್ಚಿ ಒಬ್ಬ ಅಧಿಕಾರಿ ನಿವೃತ್ತಿಯ ದಿನ ಭಾಷಣದಲ್ಲಿ ಹೇಳಿದ್ದರು. ಆ ಮಾತನ್ನು ಪದ್ಮಾ ಎದುರಿಗೆ ನಾನು ಆಗಾಗ ನೆನಪಿಸಿಕೊಳ್ಳುವುದುಂಟು.

ನಾಲ್ಕಕ್ಕೆ ಚಹಾ. ಚಹಾದ ಜೊತೆ ಅಂದಿನ ಡೈರಿಯನ್ನು ಒಮ್ಮೆ ಪರಿಶೀಲಿಸುವುದು ನನ್ನ ರೂಢಿ. ವೇಳೆಯ ಕಾಲಮ್ಮಿಗೆ ಬಂದಾಗ ನಿಂತೆ. ಮೊದಲ ಸುತ್ತು: ಇಪ್ಪತ್ತೆರಡು ನಿಮಿಷ. ಎರಡನೆಯ ಸುತ್ತು: ಮೂವತ್ತೊಂದು ನಿಮಿಷ.

ಅದೇ ದಾರಿ, ಅದೇ ಗಾಡಿ, ಅದೇ ಚಾಲಕಿ. ಒಂಬತ್ತು ನಿಮಿಷ ಎಲ್ಲಿ ಹೋಯಿತು? ಆ ಹೊತ್ತಿಗೆ ವಾಹನಗಳು ಹೆಚ್ಚಾಗಿರಬೇಕು ಎಂದುಕೊಂಡು ಪಕ್ಕದ ಕಾಲಮ್ಮು ನೋಡಿದರೆ, ನನ್ನದೇ ಅಕ್ಷರದಲ್ಲಿ, "ಇತರ ವಾಹನ ಸಂಚಾರ: ಇಲ್ಲ." ಚಹಾ ತಣ್ಣಗಾಗುತ್ತಿತ್ತು. ನಾನು ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಮೊದಲ ಸುತ್ತಿನಲ್ಲಿ ದೊಡ್ಡ ಜರ್ಕು ಎಂದು ಬರೆದುಕೊಂಡ ಜಾಗಗಳಲ್ಲಿ, ಎರಡನೆಯ ಸುತ್ತಿನಲ್ಲಿ ಒಂದರಲ್ಲೂ ಜರ್ಕಿಲ್ಲ. ಗಟ್ಟಿ ಗಾಡಿಯಲ್ಲಿ! ಅವು ಕಣ್ಣಿಗೆ ಕಾಣುವ ಗುಂಡಿಗಳೂ ಅಲ್ಲ. ದೌಂಡದ ಹಳೆಯ ಡ್ರೈವರು ನನ್ನ ಎದುರಿನ ಕುರ್ಚಿಯಲ್ಲಿ ಬಂದು ಕೂತಂತಾಯಿತು.

ನಾಲ್ಕೂ ಇಪ್ಪತ್ತಕ್ಕೆ ವತ್ಸಲೆಗೆ ಫೋನ್ ಮಾಡಿದೆ.

"ಎರಡನೇ ಸುತ್ತಿನ್ಯಾಗ ನಿಧಾನ ಹೊಡದೀಯೇನು?"

"ಹೂಂ. ಕೆಲವು ಕಡೆ."

"ಯಾವ ಕಡೆ?"

"ನೀ ಉಸಿರು ಹಿಡದ ಕಡೆ."

ಅವಳು ನಿಧಾನವಾಗಿ, ರೋಗಿಯ ಮನೆಯವರಿಗೆ ಹೇಳುವ ಧಾಟಿಯಲ್ಲಿ ಹೇಳಿದಳು: "ಮೊದಲನೇ ಸುತ್ತಿನ್ಯಾಗ ನೀ ಬಾಯಿ ಬಿಡ್ಲಿಲ್ಲ, ಖರೇ. ಆದ್ರ ಜರ್ಕ್ ಬಂದಲ್ಲೆಲ್ಲ ಉಸಿರು ಹಿಡೀತಿದ್ದಿ. ಸೊಂಟಕ್ಕ ಹತ್ತಿರಬೇಕು. ಎಲ್ಲೆಲ್ಲಿ ಅಂತ ನನಗ ನೆನಪುಳೀತು. ಎರಡನೇ ಸಲ ಅಲ್ಲಿ ಬಂದಾಗ ಕಾಲು ತಾನ ಬ್ರೇಕಿನ ಮ್ಯಾಲೆ ಹೋತು."

"ಹಂಗ ಮಾಡಬಾರದಿತ್ತು, ವತ್ಸಲಾ. ಅದು ಪರೀಕ್ಷಾ ಇತ್ತು."

"ಗೊತ್ತಾದ ಮ್ಯಾಲೆ ಗೊತ್ತಿಲ್ಲದವರ ಹಾಂಗ ಹ್ಯಾಂಗ ಹೊಡೀಲಿ ಅಣ್ಣಾ? ನನ್ನ ಕೈಲೆ ಆಗೂದಿಲ್ಲ."

ಸರಿ, ಡ್ರೈವರಿಗೆ ಹೇಳಬಾರದು ಎಂಬ ನಿಯಮ ಮಾಡಿಕೊಂಡಿದ್ದ ನಾನು ಡ್ರೈವರಿನ ಉದ್ಯೋಗವನ್ನು ಮರೆತಿದ್ದೆ. ಮೂವತ್ತೈದು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎಲ್ಲರ ಕಣ್ಣೂ ಚಾಕುವಿನ ಮೇಲಿದ್ದರೆ, ಅವಳ ಕಣ್ಣು ಕಿವಿ ಮಾತ್ರ ಮಲಗಿದವರ ಉಸಿರಿನ ಮೇಲೆ. ಮಾತಾಡಲಾರದವರಿಗೆ ಎಲ್ಲಿ ನೋಯುತ್ತಿದೆ ಎಂದು ತಿಳಿದುಕೊಳ್ಳುವುದೇ ಅವಳ ವಿದ್ಯೆ. ಅವಳ ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡಿದ್ದೇನೆ, ಗುಟ್ಟು ಬಿಟ್ಟುಕೊಟ್ಟಿಲ್ಲ ಎಂದು ಬೀಗುತ್ತಿದ್ದೆ ನಾನು! ಲೋಟದ ನೀರೂ ಅವಳ ಕಡೆಗೇ ಸೇರಿಕೊಂಡಿತ್ತು. ಸುಖವಾಗಿದೆ, ಸುಖವಾಗಿದೆ ಎಂದಿತು. ಆ ಸುಖ ಎಲ್ಲಿಂದ ಬಂತೆಂದು ಹೇಳಲು ಅದಕ್ಕೆ ಬರುವುದಿಲ್ಲ.

ಫೋನ್ ಇಟ್ಟು ಮಹಡಿಯ ಮೇಲೆ ಹತ್ತು ನಿಮಿಷ ಅಡ್ಡಾಡಿದೆ. ಅದು ನನ್ನ ವೇಳಾಪಟ್ಟಿಯಲ್ಲಿ ಇಲ್ಲದ ಅಡ್ಡಾಟ. ಪದ್ಮಾ ಇಣುಕಿ ನೋಡಿ ಹೋದಳು.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಮಾತು. "ನನಗ ಒಮ್ಮೆರೆ ಜೋರ್ ಹೋಗಬೇಕಾಗ್ಯದ." ಅದಕ್ಕಾಗಿ ಅವಳು ಕೆಂಪು ಕಾರು ಕೊಳ್ಳಹೊರಟಿದ್ದಳು. ಒಂದೇ ಒಂದು ಸುತ್ತು ಜೋರಾಗಿ ಹೋದಳು. ಪಕ್ಕದಲ್ಲಿ ನಾನು ಹತ್ತೊಂಬತ್ತು ಕಡೆ ಉಸಿರು ಹಿಡಿದೆ. ಎರಡನೆಯ ಸುತ್ತಿಗೇ ಅವಳು ಮತ್ತೆ ಅಮ್ಮನ ಸ್ಕೂಟರಿಗೆ ಮರಳಿದ್ದಳು. ಗಟ್ಟಿ ಗಾಡಿ ಕೊಂಡರೆ ಅವಳು ಅದನ್ನು ಖಂಡಿತ ಸಂಭಾಳಿಸುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಪಕ್ಕದಲ್ಲಿ ಯಾರೇ ಕೂರಲಿ, ನಾನೋ, ಪದ್ಮಾಳೋ, ಮೊಣಕಾಲು ನೋವಿನ ಅವಳ ಗೆಳತಿಯೋ, ಪ್ರತಿಯೊಬ್ಬರ ಉಸಿರನ್ನೂ ಕೇಳಿಸಿಕೊಂಡು ಪ್ರತಿಯೊಂದು ತಗ್ಗಿನಲ್ಲೂ ಕಾಲು ಬ್ರೇಕಿಗೆ ಹೋಗುತ್ತದೆ. ರಿಕ್ಷಾದವರು ಹಿಂದಿನಿಂದ ಬೈಯುತ್ತಾರೆ, ಈ ಸಲ ಸ್ಪೋರ್ಟ್ಸ್ ಕಾರನ್ನು.

ಇಷ್ಟು ವರ್ಷ ರಸ್ತೆಗೂ ನಮಗೂ ನಡುವೆ ಅವಳು ಇದ್ದಳು. ನಮಗೆ ಜರ್ಕು ಬರಲಿಲ್ಲ, ಹಾಗಾಗಿ ರಸ್ತೆ ಚೆನ್ನಾಗಿದೆ ಎಂದು ನಾನು ವರದಿ ಬರೆದುಕೊಂಡು ಕೂತಿದ್ದೆ. ಏನಾದರೂ ಬೇಕೇನು ಎಂದು ತಿಂಗಳಿಗೊಮ್ಮೆ ಕೇಳುವುದು, ಬೇಡ ಎಂದ ಕೂಡಲೇ ನಂಬಿಬಿಡುವುದು. ಹಳಿ ರಿಪೇರಿಯ ಒಬ್ಬ ಗ್ಯಾಂಗ್‌ಮನ್ನು ಹಾಗೆ ಹೇಳಿದ್ದರೆ ನಾನು ನಂಬುತ್ತಿದ್ದೆನೆ? ಟ್ರಾಲಿ ತೆಗೆದುಕೊಂಡು ಹೋಗಿ ಕಣ್ಣಾರೆ ನೋಡುತ್ತಿದ್ದೆ.

ಐದೂ ಹತ್ತಕ್ಕೆ ಮತ್ತೆ ಫೋನ್ ಮಾಡಿದೆ.

"ವತ್ಸಲಾ, ಆ ಸಸ್ಪೆನ್ಶನ್ ಹಾಕಸು."

"ಯಾಕ? ಬ್ಯಾಡ ಅಂತ ಸಹಿ ಮಾಡಿ ಕಳಿಸೀಯಲ್ಲ."

"ವರದಿ ಹಿಂದಕ್ಕ ತಗೊಂಡೀನಿ."

ಆ ಕಡೆ ಒಂದು ಸಣ್ಣ ಶಿಳ್ಳೆ ಕೇಳಿಸಿತು. ಅರವತ್ತೆರಡು ವರ್ಷದ ಡಾಕ್ಟರು ಶಿಳ್ಳೆ ಹೊಡೆಯುತ್ತಾಳೆಂದು ನನಗೆ ತಿಳಿದಿರಲಿಲ್ಲ. "ವೈನಿಗೆ ಹೇಳಿಯೇನು? ಅಕಿ ಪೇಢೆ ಹಂಚ್ತಾಳ."

"ಚಾಷ್ಟಿ ಮಾಡಿ ನಗೂದು ಸಾಕು. ಆರಕ್ಕ ಆರ್ಡರ್ ಹೋಗತದ."

"ಅಣ್ಣಾ, ನಿನ್ನ ಸೊಂಟದ ಸಲುವಾಗಿ ಅಂದ್ರ ಬ್ಯಾಡ. ನೀ ಕೂತಾಗ ನಾ ಸಾವಕಾಶ ಹೊಡೀತೀನಿ. ಸಂಭಾಳಿಸ್ತೀ—"

"ನೀ ಸಂಭಾಳಿಸ್ತಿ ಅಂತ ಗೊತ್ತದ. ಅದಕ್ಕ ಹಾಕಸು ಅನ್ನಾಕತ್ತೀನಿ. ನನ್ನ ಸೊಂಟಕ್ಕಲ್ಲ, ನಿನ್ನ ಕಾಲಿಗೆ. ಗಾಡಿ ಸಂಭಾಳಿಸ್ಲಿ. ನೀ ಜೋರ್ ಹೋಗು."

ಫೋನಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ಈ ಸಲ ಕೇಳಿಸಿಕೊಳ್ಳುವ ಸರದಿ ನನ್ನದಾಗಿತ್ತು, ನನಗೆ ಅಭ್ಯಾಸವಿಲ್ಲ. ಅದು ಹಿಡಿದ ಉಸಿರೋ ಬಿಟ್ಟ ಉಸಿರೋ ಎಂದು ತಿಳಿಯಲಿಲ್ಲ.

ಕೊನೆಗೆ, "ಇದು ಅಣ್ಣನ ಮಾತೋ, ಇನ್ಸ್‌ಪೆಕ್ಟರ್ ರಿಪೋರ್ಟೋ?" ಎಂದಳು.

"ರಿಪೋರ್ಟು. ಸಹಿ ಮಾಡ್ತೀನಿ."

"ಹಂಗಾರ ಕೇಳು. ಇನ್ನ ಮುಂದ ನೀ ಉಸಿರು ಹಿಡಿ, ಉಸ್ ಅನ್ನು, ಅಯ್ಯಯ್ಯೋ ಅನ್ನು, ನಾ ಬ್ರೇಕ್ ಮುಟ್ಟಂಗಿಲ್ಲ."

"ಮುಟ್ಟಬ್ಯಾಡ."

"ಲೋಟ ತರಬಾರ್ದು."

"ತರೂದಿಲ್ಲ."

"ಮತ್ತ ವೈನಿನ್ನ ಮೊದಲು ಕೂಡ್ರಸ್ತೀನಿ. ನಿನ್ನ ಟ್ರಾಲಿ ಬಾಕಿ ಅದ ಅಕಿದು."

ಐದೂ ನಲವತ್ತೆಂಟಕ್ಕೆ ಮೇಘನಾಳ ಸಂದೇಶ ಬಂತು, ಆರ್ಡರಿನಲ್ಲಿ ಬದಲಾವಣೆ ಸೇರಿದೆ ಎಂದು. ಆಮೇಲೆ ಫೋನನ್ನೂ ಮಾಡಿದಳು. "ಥ್ಯಾಂಕ್ಸ್ ಅಂಕಲ್. ನಂಗೆ ಬೆಳಗ್ಗೇನೇ ಡೌಟ್ ಇತ್ತು. ಸೆಕೆಂಡ್ ರೌಂಡಲ್ಲಿ ಮೇಡಂ ಎಷ್ಟು ಸ್ಲೋ ಆಗಿ ಓಡ್ಸಿದ್ರು ಅಂದ್ರೆ, ಹಿಂದೆ ಆ ಸೀಟಲ್ಲಿ ನಾನು ನಿದ್ದೇನೇ ಮಾಡ್ಬಿಟ್ಟೆ." ಆ ಸೀಟಿನಲ್ಲಿ, ಆ ಭಂಗಿಯಲ್ಲಿ, ಗಟ್ಟಿ ಕ್ರಮದಲ್ಲಿ ಒಬ್ಬಳಿಗೆ ನಿದ್ರೆ ಬಂತೆಂದರೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿರಲಿಲ್ಲ. ನಾನು ಅವಳನ್ನೂ ಹಾಜರಿದ್ದವರ ಪಟ್ಟಿಯಲ್ಲಿ ಬರೆದು, ಸಾಕ್ಷಿಯಾಗಿ ಕೇಳದೆ ಬಿಟ್ಟಿದ್ದೆ.

ಪದ್ಮಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಪೇಢೆ ಹಂಚಲಿಲ್ಲ. ಕಾರು ಮಾರ್ಚಿನಲ್ಲಿ ಬರುತ್ತದೆ ಎಂದಾಗ ಮಾತ್ರ, "ಅಷ್ಟರಾಗ ಉಸಿರು ಬಿಡೂದು ಕಲೀರಿ," ಎಂದಳು. ಪ್ರಾಣಾಯಾಮದ ವೇಳೆ ನನ್ನ ಪಟ್ಟಿಯಲ್ಲಿ ಐದೂವರೆಗೆ ಇದ್ದೇ ಇದೆ. ಆದರೆ ಅದರಲ್ಲಿ ಹಿಡಿಯುವುದನ್ನೇ ಹೆಚ್ಚು ಕಲಿಸಿದ್ದಾರೆ.

ಊಟದ ನಂತರ ಡೈರಿ ತೆಗೆದು ಕೆಂಪು ಪೆನ್ಸಿಲಿನಿಂದ ಮಧ್ಯಾಹ್ನದ ಷರಾವನ್ನು ಹೊಡೆದುಹಾಕಿದೆ. ಅದರ ಕೆಳಗೆ ಬರೆದೆ: "ಸದರಿ ಸಲಕರಣೆ ಅವಶ್ಯ. ಗಾಡಿ ಹೊಂದಿಕೊಳ್ಳತಕ್ಕದ್ದು. ಚಾಲಕಿ ಹೊಂದಿಕೊಳ್ಳಬೇಕಾಗಿಲ್ಲ." ತಾರೀಖು ಹಾಕಿ ಸಹಿ ಮಾಡಿದೆ. ಬೆಳಗಿನ ಲೋಟ ಇನ್ನೂ ಮೇಜಿನ ಮೇಲೆಯೇ ಇತ್ತು, ತಳದಲ್ಲಿ ಸ್ವಲ್ಪ ನೀರು. ಅದನ್ನು ಕುಡಿದು, ಲೋಟ ತೊಳೆದು, ಎಂಟು ಗಂಟೆ ನಲವತ್ತು ನಿಮಿಷಕ್ಕೆ ಕಟ್ಟೆಯ ಮೇಲೆ ಬೋರಲು ಹಾಕಿದೆ.